ಸಂಬಳ ಪಡೆಯುತ್ತಲೇ ಇಎಂಟಿ ಆಗುವುದು: ಅಮೆರಿಕದ ಅಪ್ರೆಂಟಿಸ್‌ಶಿಪ್ ನಡೆಯುವ ಬಗೆ

ಅಮೆರಿಕದಲ್ಲಿ ಆಂಬುಲೆನ್ಸ್‌ನ ಹಿಂಬದಿಯಲ್ಲಿ ರೋಗಿಯ ಪಕ್ಕ ಕೂತು ಕೆಲಸ ಮಾಡಲು ಡಾಕ್ಟರಿಕೆ ಓದಿರಬೇಕಿಲ್ಲ, ನರ್ಸಿಂಗ್ ಕೂಡ ಓದಿರಬೇಕಿಲ್ಲ. ತುರ್ತು ವೈದ್ಯಕೀಯ ತಂತ್ರಜ್ಞ, ಅಂದರೆ ಅಲ್ಲಿ ಎಲ್ಲರ ಬಾಯಲ್ಲೂ ಇರುವ ಇಎಂಟಿ, ಆಗಲು ಬೇಕಿರುವುದು ಸುಮಾರು 150ರಿಂದ 190 ಗಂಟೆಗಳ ಕೋರ್ಸ್, ಒಂದು ಪರೀಕ್ಷೆ ಮತ್ತು ರಾಜ್ಯದ ಪರವಾನಗಿ. ಹೈಸ್ಕೂಲು ಮುಗಿಸಿ ಹದಿನೆಂಟು ತುಂಬಿದವರು ಕೆಲವೇ ತಿಂಗಳಲ್ಲಿ ಮುಗಿಸಬಹುದಾದ ಓದು. ಆದರೂ ಆಂಬುಲೆನ್ಸ್ ಸಂಸ್ಥೆಗಳು ಕೆಲಸಗಾರರಿಗಾಗಿ ವರ್ಷವಿಡೀ ಹುಡುಕುತ್ತಲೇ ಇರುತ್ತವೆ. ಓದು ಚಿಕ್ಕದು, ಬೇಡಿಕೆ ದೊಡ್ಡದು. ನಡುವೆ ಅಡ್ಡ ನಿಂತಿರುವುದು ದುಡ್ಡು.

ಲೆಕ್ಕ ಹಾಕಿ ನೋಡಿ. ಗಂಟೆಗೆ 15 ಡಾಲರ್ ಸಿಗುವ ಗೋದಾಮಿನ ಕೆಲಸದಲ್ಲಿರುವ ಯುವತಿಯೊಬ್ಬಳು ಹತ್ತು ವಾರ ಆ ಕೆಲಸ ಬಿಟ್ಟು ಹಗಲಿನ ತರಗತಿಗೆ ಹೋದರೆ ಕಳೆದುಕೊಳ್ಳುವ ಸಂಬಳವೇ 6,000 ಡಾಲರ್. ಕೋರ್ಸಿನ ಶುಲ್ಕ, ಪುಸ್ತಕ, ಸಮವಸ್ತ್ರ, ಲಸಿಕೆ, ಪರೀಕ್ಷಾ ಶುಲ್ಕ ಬೇರೆ. ಶುಲ್ಕಕ್ಕಿಂತ ಕೈತಪ್ಪುವ ಸಂಬಳದ ಹೊಡೆತವೇ ಜೋರು. ಕಾಲೇಜು ಓದುವವರಿಗೆ ಫೆಡರಲ್ ಸರ್ಕಾರದ ಪೆಲ್ ಅನುದಾನ ಇದೆಯಲ್ಲ ಎಂದರೆ, ಪದವಿಯ ಭಾಗವಾಗಿ ಓದದೆ ಇಂಥ ಬಿಡಿ ಕೋರ್ಸು ಮಾಡುವವರಿಗೆ ಅದು ಬಹುಕಾಲ ಕೈಗೆಟುಕಲೇ ಇಲ್ಲ. ಕನಿಷ್ಠ 15 ವಾರ, 600 ಗಂಟೆಗಳ ಓದಿರಬೇಕು ಎಂಬುದು ಅದರ ಷರತ್ತು. 2025ರಲ್ಲಿ ಬಂದ ಕಾನೂನೊಂದು 2026ರ ಜುಲೈ 1ರಿಂದ 150ರಿಂದ 599 ಗಂಟೆಗಳ ಅಲ್ಪಾವಧಿ ಕೋರ್ಸುಗಳಿಗೂ ಈ ಅನುದಾನ ಸಿಗುವಂತೆ ಮಾಡಿತು. ಅದಕ್ಕೂ ಕೋರ್ಸು ಕನಿಷ್ಠ 8 ವಾರ ನಡೆಯಬೇಕು, ರಾಜ್ಯದ ಒಪ್ಪಿಗೆ ಬೇಕು. ಮೇಲಾಗಿ ಅನುದಾನದಿಂದ ಶುಲ್ಕ ತೀರೀತು, ಮನೆ ಬಾಡಿಗೆ ತೀರುವುದು ಕಷ್ಟ.

ಸಂಬಳದ ಅಪ್ರೆಂಟಿಸ್‌ಶಿಪ್ ಈ ಸರದಿಯನ್ನೇ ತಿರುಗಿಸುತ್ತದೆ: ಮೊದಲು ಕೆಲಸ, ಆಮೇಲೆ ಓದು. ಆಂಬುಲೆನ್ಸ್ ಸಂಸ್ಥೆಯೋ ಅಗ್ನಿಶಾಮಕ ಇಲಾಖೆಯೋ ಆಸ್ಪತ್ರೆಯೋ ನಿಮ್ಮನ್ನು ಮೊದಲೇ ನೌಕರರಾಗಿ ಸೇರಿಸಿಕೊಂಡು, ಕೋರ್ಸಿನ ಖರ್ಚನ್ನು ತಾನು ಹೊತ್ತು, ಕಲಿಯುವ ಕಾಲದಲ್ಲೂ ಗಂಟೆಯ ಲೆಕ್ಕದಲ್ಲಿ ಸಂಬಳ ಕೊಡುತ್ತದೆ. ಇದರಲ್ಲಿ ಧರ್ಮಕಾರ್ಯವೇನೂ ಇಲ್ಲ. ಈ ಕೆಲಸದಲ್ಲಿ ಜನ ಹೆಚ್ಚು ಕಾಲ ನಿಲ್ಲುವುದಿಲ್ಲ. ಅಗ್ನಿಶಾಮಕ ದಳಕ್ಕೆ, ನರ್ಸಿಂಗ್‌ಗೆ, ವೈದ್ಯಕೀಯ ಕಾಲೇಜಿಗೆ ಹೋಗುವ ದಾರಿಯಲ್ಲಿ ಇಲ್ಲಿ ಸ್ವಲ್ಪ ಹೊತ್ತು ತಂಗುವವರೇ ಬಹಳ. ಸಿಬ್ಬಂದಿ ಇಲ್ಲದಿದ್ದರೆ ಗಾಡಿ ಶೆಡ್ಡಿನಲ್ಲೇ ನಿಲ್ಲುತ್ತದೆ, ನಿಂತ ಗಾಡಿಗೆ ಆದಾಯವಿಲ್ಲ. ಹಾಗಾಗಿ ತಯಾರಾದವರು ಬರಲೆಂದು ಕಾಯುವುದಕ್ಕಿಂತ ತಾವೇ ತಯಾರು ಮಾಡಿಕೊಳ್ಳುವುದು ಸಂಸ್ಥೆಗೆ ಗಿಟ್ಟುತ್ತದೆ. ಕಲಿಕೆಯ ಖರ್ಚನ್ನೂ, ಆ ಖರ್ಚು ನೀರುಪಾಲಾಗುವ ಅಪಾಯವನ್ನೂ ಕಲಿಯುವವರ ಹೆಗಲಿನಿಂದ ಕೆಲಸ ಕೊಡುವವರ ಹೆಗಲಿಗೆ ದಾಟಿಸುವ ಏರ್ಪಾಡು ಇದು. ಎಷ್ಟು ದಾಟುತ್ತದೆ, ಎಷ್ಟು ನಿಮ್ಮ ಹೆಗಲಲ್ಲೇ ಉಳಿಯುತ್ತದೆ ಎಂಬುದು ಒಂದೊಂದು ಕಡೆ ಒಂದೊಂದು ಥರ. ತೊಡಕು ಶುರುವಾಗುವುದು ಅಲ್ಲಿಂದಲೇ.

ನೋಂದಾಯಿತವೋ, ಅಲ್ಲವೋ

‘ಕಲಿಯುತ್ತ ಗಳಿಸಿ’ ಎಂಬ ಜಾಹೀರಾತಿನ ಹಿಂದೆ ಎರಡು ಬೇರೆ ಬೇರೆ ವ್ಯವಸ್ಥೆಗಳಿರಬಹುದು. ಒಂದು, ಕಂಪನಿ ತಾನೇ ನಡೆಸುವ ಅಕಾಡೆಮಿ. ಕೆಲಸಕ್ಕೆ ತೆಗೆದುಕೊಂಡು, ಕೆಲವು ವಾರ ಬಿಗಿಯಾಗಿ ಕಲಿಸಿ, ಪರೀಕ್ಷೆ ಪಾಸಾದ ಮೇಲೆ ಗಾಡಿ ಹತ್ತಿಸುತ್ತಾರೆ. ದೇಶದ ದೊಡ್ಡ ಖಾಸಗಿ ಆಂಬುಲೆನ್ಸ್ ಸಂಸ್ಥೆಗಳಲ್ಲಿ ಒಂದಾದ ಎಎಂಆರ್ ಇಂಥ ತರಬೇತಿಯನ್ನು ಹಲವು ಕಡೆ ನಡೆಸುತ್ತದೆ. ಎರಡನೆಯದು, ಸರ್ಕಾರದ ಕಡತದಲ್ಲಿ ದಾಖಲಾದ ನೋಂದಾಯಿತ ಅಪ್ರೆಂಟಿಸ್‌ಶಿಪ್. ಕಂಪನಿಯ ಅಕಾಡೆಮಿ ನೋಂದಾಯಿತವೂ ಆಗಿರಬಹುದು, ಆಗದೆಯೂ ಇರಬಹುದು. ಜಾಹೀರಾತು ನೋಡಿ ಹೇಳಲು ಬರುವುದಿಲ್ಲ, ಕೇಳಲೇಬೇಕು.

ನೋಂದಾಯಿತ ವ್ಯವಸ್ಥೆಯ ಬೇರು 1937ರ ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ಕಾಯ್ದೆಯಲ್ಲಿದೆ. ಬಡಗಿ, ಎಲೆಕ್ಟ್ರಿಷಿಯನ್, ಕೊಳಾಯಿ ಕೆಲಸದವರನ್ನು ಕಣ್ಣ ಮುಂದಿಟ್ಟುಕೊಂಡು ಬೆಳೆದ ವ್ಯವಸ್ಥೆ ಅದು. ಆಸ್ಪತ್ರೆ, ಆಂಬುಲೆನ್ಸ್‌ಗಳು ಇದರೊಳಗೆ ಬಂದದ್ದು ಬಹಳ ತಡವಾಗಿ. ಸುಮಾರು ಅರ್ಧದಷ್ಟು ರಾಜ್ಯಗಳಲ್ಲಿ ಫೆಡರಲ್ ಕಾರ್ಮಿಕ ಇಲಾಖೆಯೇ ನೋಂದಣಿ ನೋಡಿಕೊಳ್ಳುತ್ತದೆ, ಉಳಿದ ರಾಜ್ಯಗಳಿಗೆ ತಮ್ಮದೇ ಅಪ್ರೆಂಟಿಸ್‌ಶಿಪ್ ಸಂಸ್ಥೆಗಳಿವೆ. ನಿಯಮಗಳ ತಿರುಳು ಹೀಗಿದೆ: ಲಿಖಿತ ಒಪ್ಪಂದ ಇರಬೇಕು, ತಮ್ಮ ಕೈಕೆಳಗೆ ಇಟ್ಟುಕೊಂಡು ಕಲಿಸುವ ಅನುಭವಿಗಳು ಇರಬೇಕು, ಕೆಲಸದ ಜೊತೆಗೆ ತರಗತಿಯ ಪಾಠವೂ ಇರಬೇಕು, ಅದಕ್ಕೆ ವರ್ಷಕ್ಕೆ 144 ಗಂಟೆ ಎಂಬುದು ಸರ್ಕಾರದ ಶಿಫಾರಸು, ಕೌಶಲ ಹೆಚ್ಚಿದಂತೆ ಸಂಬಳವೂ ಮೆಟ್ಟಿಲು ಮೆಟ್ಟಿಲಾಗಿ ಏರಬೇಕು. ಕೊನೆಗೆ ದೇಶದಲ್ಲೆಲ್ಲ ಮಾನ್ಯವಾದ ಒಂದು ಪ್ರಮಾಣಪತ್ರ ಕೈಸೇರುತ್ತದೆ. ಈ ಕೊನೆಯ ಪತ್ರದ ಬಗ್ಗೆ ಹೆಚ್ಚು ತಲೆಕೆಡಿಸಿಕೊಳ್ಳಬೇಕಿಲ್ಲ ಎಂದೇ ನನ್ನ ಅಭಿಪ್ರಾಯ. ಆಂಬುಲೆನ್ಸ್ ಲೋಕದಲ್ಲಿ ಬೆಲೆ ಇರುವುದು ಇಎಂಟಿ ಪರವಾನಗಿಗೆ. ನೋಂದಣಿಯ ನಿಜವಾದ ಲಾಭ ಸಂಬಳದ ಏರಿಕೆ ಮತ್ತು ಲಿಖಿತ ಒಪ್ಪಂದ.

ಇಲ್ಲೊಂದು ಪ್ರಶ್ನೆ ಏಳುತ್ತದೆ. ನೋಂದಣಿಗೆ ಅರ್ಹವಾಗಬೇಕಾದರೆ ಆ ಕಸುಬು ಕಲಿಯಲು ಕನಿಷ್ಠ 2,000 ಗಂಟೆಗಳ ಕೆಲಸದ ಅನುಭವ ಬೇಕು ಎನ್ನುತ್ತದೆ ನಿಯಮ. ಅಂದರೆ ಸುಮಾರು ಒಂದು ವರ್ಷದ ಪೂರ್ಣಾವಧಿ ದುಡಿಮೆ. ಇಎಂಟಿ ಕೋರ್ಸಾದರೋ 190 ಗಂಟೆಯಲ್ಲಿ ಮುಗಿಯುತ್ತದೆ. ಉಳಿದ ಗಂಟೆಗಳಲ್ಲಿ ಏನು ಮಾಡಿಸುತ್ತಾರೆ? ಉತ್ತರ ಸರಳ: ಕೋರ್ಸು ಮತ್ತು ಪರೀಕ್ಷೆ ಅಪ್ರೆಂಟಿಸ್‌ಶಿಪ್‌ನ ಮೊದಲ ಕೆಲವು ತಿಂಗಳು ಮಾತ್ರ. ಪರವಾನಗಿ ಬಂದ ಮೇಲೂ ನೀವು ಅಪ್ರೆಂಟಿಸ್ ಆಗಿಯೇ ಮುಂದುವರಿಯುತ್ತೀರಿ. ಕಾನೂನಿನ ಕಣ್ಣಿನಲ್ಲಿ ಪೂರ್ಣ ಇಎಂಟಿ, ಸಂಸ್ಥೆಯ ಕಣ್ಣಿನಲ್ಲಿ ಇನ್ನೂ ಕಲಿಯುವವರು. ಇದು ಕಾಗದದ ಶಾಸ್ತ್ರವಷ್ಟೇ ಎಂದುಕೊಳ್ಳಬೇಡಿ. ಪರೀಕ್ಷೆ ಪಾಸಾದ ವಾರವೇ ಒಬ್ಬಂಟಿಯಾಗಿ ರೋಗಿಯ ಹೊಣೆ ಹೊತ್ತವರಿಗೂ, ಒಂದು ವರ್ಷ ಅನುಭವಿಯ ಪಕ್ಕದಲ್ಲಿ ಬೆಳೆದವರಿಗೂ ಅಂತರ ಬಹಳ. ಕೆಲವು ಕಾರ್ಯಕ್ರಮಗಳು ಗಂಟೆ ಎಣಿಸುವ ಬದಲು ‘ಇಂಥಿಂಥದ್ದು ಮಾಡಿ ತೋರಿಸು’ ಎಂಬ ಸಾಮರ್ಥ್ಯದ ಅಳತೆಯನ್ನು ಬಳಸುತ್ತವೆ, ಕೆಲವು ಎರಡನ್ನೂ ಬೆರೆಸುತ್ತವೆ.

ಇನ್ನೊಂದು ವಿಷಯ ಬಹುತೇಕರ ಗಮನಕ್ಕೆ ಬರುವುದೇ ಇಲ್ಲ. ಕಡ್ಡಾಯವಾಗಿ ಕೂರಬೇಕಾದ, ಕೆಲಸಕ್ಕೆ ನೇರವಾಗಿ ಸಂಬಂಧಿಸಿದ ತರಬೇತಿಯ ಸಮಯಕ್ಕೆ ನೌಕರರಿಗೆ ಸಂಬಳ ಕೊಡಬೇಕು ಎಂಬುದು ಅಮೆರಿಕದ ವೇತನ ಕಾನೂನಿನ ಸಾಮಾನ್ಯ ನಿಯಮ. ಆದರೆ ನಿಗದಿತ ಮಾನದಂಡಗಳಿಗೆ ಒಪ್ಪುವ ಲಿಖಿತ ಅಪ್ರೆಂಟಿಸ್‌ಶಿಪ್ ಒಪ್ಪಂದ ಇದ್ದಾಗ ಅದಕ್ಕೊಂದು ವಿನಾಯಿತಿ ಉಂಟು: ತರಗತಿಯ ಪಾಠದ ಗಂಟೆಗಳನ್ನು ದುಡಿಮೆಯ ಗಂಟೆಗಳಿಂದ ಹೊರಗಿಡಬಹುದು, ಒಪ್ಪಂದದಲ್ಲೇ ಸಂಬಳ ಕೊಡುತ್ತೇವೆ ಎಂದಿದ್ದರೆ ಮಾತು ಬೇರೆ. ಹೆಚ್ಚಿನ ರಕ್ಷಣೆ ಇರುವ ನೋಂದಾಯಿತ ದಾರಿಯಲ್ಲೇ ತರಗತಿಗೆ ಸಂಬಳ ಸಿಗದೆ ಹೋಗುವ ಸಾಧ್ಯತೆ ಇದೆ ಎಂದಾಯಿತು. ಒಳ್ಳೆಯ ಕಾರ್ಯಕ್ರಮಗಳು ಕೊಡುತ್ತವೆ. ಆದರೂ ‘ಸಂಬಳ ಇದೆಯೇ’ ಎಂದು ಕೇಳಿ ಸುಮ್ಮನಾಗಬಾರದು; ತರಗತಿಗೆ ಎಷ್ಟು, ಗಾಡಿಯ ಮೇಲಿನ ಕಲಿಕೆಗೆ ಎಷ್ಟು, ಪರವಾನಗಿ ಬಂದ ಮೇಲೆ ಎಷ್ಟು ಎಂದು ಬಿಡಿಸಿ ಕೇಳಬೇಕು. ಕಲಿಯುವವರ ಸಂಬಳ ಸಾಮಾನ್ಯವಾಗಿ ಇಎಂಟಿಯ ಸಂಬಳಕ್ಕಿಂತ ಕಡಿಮೆ. ಫೆಡರಲ್ ಕನಿಷ್ಠ ವೇತನ 2009ರಿಂದ ಗಂಟೆಗೆ 7.25 ಡಾಲರ್‌ನಲ್ಲೇ ನಿಂತಿದ್ದು, ಅನೇಕ ರಾಜ್ಯಗಳ ಕನಿಷ್ಠ ವೇತನ ಅದಕ್ಕಿಂತ ಮೇಲಿದೆ.

ಸೇನೆಯಿಂದ ಬಂದವರಿಗೆ ಮಾತ್ರ ಈ ದಾರಿ ಸ್ಪಷ್ಟವಾಗಿ ಲಾಭದ್ದು. ಅನುಮೋದಿತ ಅಪ್ರೆಂಟಿಸ್‌ಶಿಪ್‌ನಲ್ಲಿರುವ ಮಾಜಿ ಸೈನಿಕರಿಗೆ ಜಿಐ ಬಿಲ್ ಸವಲತ್ತಿನಡಿ ಸಂಬಳದ ಮೇಲೆ ವಸತಿ ಭತ್ಯೆಯೂ ಸಿಗುತ್ತದೆ: ಮೊದಲ ಆರು ತಿಂಗಳು ಪೂರ್ತಿ, ಮುಂದಿನ ಆರು ತಿಂಗಳು ಶೇ. 80, ಆಮೇಲೆ ಇಳಿಯುತ್ತ ಹೋಗುತ್ತದೆ.

ಕೆಲಸವಿಲ್ಲದವರನ್ನು ಹುಡುಕಿ ತಂದು ಈ ವೃತ್ತಿಗೆ ತಯಾರು ಮಾಡುವುದು ಹೊಸ ಆಲೋಚನೆಯಲ್ಲ. ಅಮೆರಿಕದ ಆಂಬುಲೆನ್ಸ್ ಸೇವೆ ಆಧುನಿಕವಾದದ್ದೇ ಹಾಗೆ. 1966ರಲ್ಲಿ ರಾಷ್ಟ್ರೀಯ ವಿಜ್ಞಾನ ಅಕಾಡೆಮಿ ಹೊರತಂದ ವರದಿಯ ಪ್ರಕಾರ ಆಗ ದೇಶದ ಸುಮಾರು ಅರ್ಧದಷ್ಟು ಆಂಬುಲೆನ್ಸ್ ಸೇವೆ ಶವಸಂಸ್ಕಾರ ನಡೆಸುವ ಸಂಸ್ಥೆಗಳ ಕೈಯಲ್ಲಿತ್ತು. ಮಲಗಿಸಿಕೊಂಡು ಹೋಗುವಷ್ಟು ಉದ್ದದ ವಾಹನ ಅವರ ಬಳಿ ಇತ್ತು ಎಂಬುದೇ ಕಾರಣ. ಮರುವರ್ಷ ಪಿಟ್ಸ್‌ಬರ್ಗ್ ನಗರದ ಹಿಲ್ ಡಿಸ್ಟ್ರಿಕ್ಟ್ ಎಂಬ ಕಪ್ಪುಜನರ ಬಡಾವಣೆಯಲ್ಲಿ ಫ್ರೀಡಮ್ ಹೌಸ್ ಆಂಬುಲೆನ್ಸ್ ಸೇವೆ ರೂಪುಗೊಂಡಿತು. ಹೃದಯ ನಿಂತವರ ಎದೆ ಒತ್ತಿ, ಉಸಿರು ತುಂಬಿ ಜೀವ ಉಳಿಸುವ ಸಿಪಿಆರ್ ವಿಧಾನವನ್ನು ರೂಪಿಸಿದವರಲ್ಲಿ ಒಬ್ಬರಾದ ಡಾ. ಪೀಟರ್ ಸಫಾರ್, ಶಾಲೆ ಅರ್ಧಕ್ಕೆ ಬಿಟ್ಟವರೂ ನಿರುದ್ಯೋಗಿಗಳೂ ಇದ್ದ ಅಲ್ಲಿನ ಯುವಕರಿಗೆ ಸುಮಾರು 300 ಗಂಟೆಗಳ ತರಬೇತಿ ರೂಪಿಸಿದರು. ಅದುವರೆಗೆ ಆ ಊರಿನಲ್ಲಿ ರೋಗಿಗಳನ್ನು ಸಾಗಿಸುತ್ತಿದ್ದುದು ಪೊಲೀಸರ ವ್ಯಾನು. 1975ರಲ್ಲಿ ನಗರಾಡಳಿತ ತನ್ನದೇ ಸೇವೆ ಆರಂಭಿಸಿ ಫ್ರೀಡಮ್ ಹೌಸನ್ನು ಮುಚ್ಚಿಸಿತು. ಅದನ್ನು ಕಟ್ಟಿದವರಲ್ಲಿ ಅನೇಕರು ಹೊಸ ವ್ಯವಸ್ಥೆಯಲ್ಲಿ ಮೂಲೆಗುಂಪಾದರು. ಒಳಗೆ ಕರೆದುಕೊಳ್ಳುವುದು ಒಂದು, ಒಳಗೆ ಉಳಿಸಿಕೊಳ್ಳುವುದು ಮತ್ತೊಂದು.

ನಾಲ್ಕು ಅನುಮತಿಗಳು

ಅಪ್ರೆಂಟಿಸ್‌ಶಿಪ್ ಮುಗಿಸಿದರೆ ಇಎಂಟಿ ಆದಂತೆ ಎಂದು ಭಾವಿಸುವವರಿದ್ದಾರೆ. ಹಾಗಿಲ್ಲ. ಇಎಂಟಿಯಾಗಿ ರೋಗಿಯ ಮೈ ಮುಟ್ಟುವ ಮುನ್ನ ನಾಲ್ಕು ಬೇರೆ ಬೇರೆ ಕಡೆಯಿಂದ ಒಪ್ಪಿಗೆ ಬರಬೇಕು, ಅಪ್ರೆಂಟಿಸ್‌ಶಿಪ್ ಇವುಗಳಲ್ಲಿ ಯಾವುದಕ್ಕೂ ಬದಲಿಯಲ್ಲ.

ಮೊದಲನೆಯದು ಪ್ರಮಾಣಪತ್ರ. 1970ರಲ್ಲಿ ಸ್ಥಾಪನೆಯಾದ ಇಎಂಟಿಗಳ ರಾಷ್ಟ್ರೀಯ ನೋಂದಣಿ ಸಂಸ್ಥೆ, ಎನ್‌ಆರ್‌ಇಎಂಟಿ, ಪರೀಕ್ಷೆ ನಡೆಸಿ ‘ಇವರಿಗೆ ಕನಿಷ್ಠ ಸಾಮರ್ಥ್ಯ ಇದೆ’ ಎಂದು ಹೇಳುತ್ತದೆ. ಅದು ಸರ್ಕಾರಿ ಇಲಾಖೆಯಲ್ಲ, ಲಾಭದ ಉದ್ದೇಶವಿಲ್ಲದ ಸ್ವತಂತ್ರ ಸಂಸ್ಥೆ. ಎರಡನೆಯದು ರಾಜ್ಯದ ಪರವಾನಗಿ. ಕೆಲಸ ಮಾಡುವ ಕಾನೂನುಬದ್ಧ ಹಕ್ಕು ಬರುವುದು ಇದರಿಂದ. ಹಿನ್ನೆಲೆಯಲ್ಲಿ ಅಪರಾಧದ ದಾಖಲೆ ಇದ್ದರೆ ತಡೆ ಬೀಳುವುದೂ ಇಲ್ಲೇ, ಆದ್ದರಿಂದ ಅಂಥವರು ತರಬೇತಿಗೆ ಸೇರುವ ಮೊದಲೇ ರಾಜ್ಯದ ಕಚೇರಿಯಲ್ಲಿ ವಿಚಾರಿಸುವುದು ಜಾಣತನ. ಮೂರನೆಯದು ನೌಕರಿ. ಅಪ್ರೆಂಟಿಸ್‌ಗೆ ಇದು ಮೊದಲೇ ಸಿಕ್ಕಿರುತ್ತದೆ, ಇದೊಂದೇ ಸಿಕ್ಕಿರುತ್ತದೆ.

ನಾಲ್ಕನೆಯದು ಹೊರಗಿನವರ ಕಣ್ಣಿಗೆ ಬೀಳದ ಒಪ್ಪಿಗೆ: ವೈದ್ಯಕೀಯ ನಿರ್ದೇಶಕರದು. ಪ್ರತಿ ಆಂಬುಲೆನ್ಸ್ ಸೇವೆಯ ಹಿಂದೆ ಒಬ್ಬ ವೈದ್ಯರಿರುತ್ತಾರೆ. ಎದೆನೋವಿಗೆ ಯಾವಾಗ ಆಸ್ಪಿರಿನ್, ಜೇನುನೊಣ ಕಚ್ಚಿ ಗಂಟಲು ಊದಿದರೆ ಎಪಿನೆಫ್ರಿನ್ ಚುಚ್ಚುಮದ್ದು ಯಾವಾಗ, ಮಾದಕವಸ್ತು ಅತಿಯಾಗಿ ಉಸಿರು ನಿಂತವರಿಗೆ ನಲೋಕ್ಸೋನ್ ಎಷ್ಟು ಎಂಬುದನ್ನೆಲ್ಲ ಬರೆದಿಟ್ಟ ಪ್ರೋಟೋಕಾಲ್ ಪುಸ್ತಕ ಅವರ ಅಧಿಕಾರದಲ್ಲಿ ನಡೆಯುತ್ತದೆ. ಇಎಂಟಿ ಸ್ವಂತ ಬುದ್ಧಿಯಿಂದ ಔಷಧಿ ಕೊಡುವುದಿಲ್ಲ, ಆ ವೈದ್ಯರ ಕೈ ಚಾಚಿದಂತೆ ಕೆಲಸ ಮಾಡುತ್ತಾರೆ. ಪರವಾನಗಿ ಜೇಬಿನಲ್ಲಿದ್ದರೂ ಈ ವೈದ್ಯರು ಒಪ್ಪದಿದ್ದರೆ ಆ ಸೇವೆಯಲ್ಲಿ ರೋಗಿಯನ್ನು ನೋಡುವಂತಿಲ್ಲ. ಏನು ಮಾಡಬಹುದು ಎಂಬುದು ರಾಜ್ಯದಿಂದ ರಾಜ್ಯಕ್ಕೂ ಬದಲಾಗುತ್ತದೆ. ರಕ್ತನಾಳಕ್ಕೆ ಡ್ರಿಪ್ ಹಾಕುವುದು ಸಾಮಾನ್ಯವಾಗಿ ಇಎಂಟಿಯ ಕೆಲಸವಲ್ಲ, ಆದರೆ ಕೊಲೊರಾಡೊದಲ್ಲಿ ಹೆಚ್ಚುವರಿ ತರಬೇತಿ ಪಡೆದ ಇಎಂಟಿ ಅದನ್ನು ಮಾಡಬಹುದು.

ಕಲಿಕೆಯ ದಿನಗಳು

ತರಗತಿಯಲ್ಲಿ ಮೊದಲು ಕಲಿಸುವುದು ಗಾಯದ ವಿಷಯವನ್ನಲ್ಲ. ಸ್ಥಳ ಸುರಕ್ಷಿತವೇ ಎಂದು ನೋಡುವುದನ್ನು. ವಿದ್ಯುತ್ ತಂತಿ ಬಿದ್ದ ಕಾರಿನತ್ತ ಓಡಿದ ಇಎಂಟಿ ಇನ್ನೊಬ್ಬ ರೋಗಿಯಾಗುತ್ತಾರೆ, ಅಷ್ಟೇ. ಆಮೇಲೆ ಪ್ರಾಥಮಿಕ ತಪಾಸಣೆ: ಎಚ್ಚರ ಇದೆಯೇ, ಉಸಿರಿನ ದಾರಿ ತೆರೆದಿದೆಯೇ, ಉಸಿರಾಟ ಸಾಲುತ್ತಿದೆಯೇ, ನಾಡಿ ಹೇಗಿದೆ, ರಕ್ತ ಸೋರುತ್ತಿದೆಯೇ. ಈ ಸರಪಳಿಯನ್ನು ನಿದ್ದೆಯಲ್ಲೂ ಹೇಳುವಷ್ಟು ತಿದ್ದುತ್ತಾರೆ. ಆಮ್ಲಜನಕ, ಉಸಿರು ತುಂಬುವ ಚೀಲ, ಹೃದಯಕ್ಕೆ ಶಾಕ್ ಕೊಡುವ ಎಇಡಿ ಯಂತ್ರ, ರಕ್ತ ತಡೆಯುವ ಟೂರ್ನಿಕೆ, ಮುರಿದ ಮೂಳೆಗೆ ದಬ್ಬೆ, ಹೆರಿಗೆ ಎಲ್ಲವೂ ಪಾಠದೊಳಗೆ ಬರುತ್ತವೆ. ಪುಸ್ತಕ ದಪ್ಪವೇ ಇದೆ, ಆದರೆ ಹೆಚ್ಚಿನವರನ್ನು ಸುಸ್ತು ಮಾಡುವುದು ವೇಗ. ಕಂಪನಿ ಅಕಾಡೆಮಿಗಳು ಕಾಲೇಜಿನಲ್ಲಿ ಒಂದು ಸೆಮಿಸ್ಟರ್ ಹಿಡಿಯುವುದನ್ನು ಕೆಲವೇ ವಾರಗಳಿಗೆ ಅದುಮುತ್ತವೆ, ಸಂಬಳ ಕೊಡುವ ಪ್ರತಿ ವಾರವೂ ಅವರಿಗೆ ಖರ್ಚು. ಮನೆಯಲ್ಲಿ ಎಳೆಯ ಮಗುವಿದ್ದು ರಾತ್ರಿ ಓದಲಾಗದವರಿಗೆ ನಿಧಾನದ ಸಂಜೆ ಕೋರ್ಸೇ ಮೇಲು, ಅದಕ್ಕೆ ಸಂಬಳವಿಲ್ಲದಿದ್ದರೂ.

ಪರವಾನಗಿ ಬರುವ ತನಕ ಗಾಡಿಯಲ್ಲಿ ಮೂರನೆಯ ವ್ಯಕ್ತಿಯಾಗಿ ಹೋಗಿ ನೋಡಿ ಕಲಿಯುವುದು, ಮೇಲ್ವಿಚಾರಕರ ಕಣ್ಣೆದುರಿನಲ್ಲಿ ರಕ್ತದೊತ್ತಡ ಅಳೆಯುವಂಥ ಕೆಲಸ, ಸಾಮಗ್ರಿ ತುಂಬಿಸುವುದು, ಗಾಡಿ ಸ್ವಚ್ಛಗೊಳಿಸುವುದು. ಕೆಲವು ಸಂಸ್ಥೆಗಳು ಗಾಲಿಕುರ್ಚಿ ಸಾಗಿಸುವ ವ್ಯಾನಿನ ಚಾಲನೆ ಕೊಡುತ್ತವೆ. ಪರವಾನಗಿ ಬಂದ ಮೇಲೆ ‘ಫೀಲ್ಡ್ ಟ್ರೈನಿಂಗ್ ಆಫೀಸರ್’ ಎನಿಸಿಕೊಂಡ ಅನುಭವಿಯ ಜೊತೆ ಪಾಳಿ. ಪ್ರತಿ ಪಾಳಿ ಮುಗಿದಾಗ ಅವರು ಅಂಕ ಬರೆಯುತ್ತಾರೆ: ರೋಗಿಯೊಡನೆ ಹೇಗೆ ಮಾತನಾಡಿದರು, ರೇಡಿಯೊದಲ್ಲಿ ಆಸ್ಪತ್ರೆಗೆ ವರದಿ ಕೊಟ್ಟದ್ದು ಸ್ಪಷ್ಟವಾಗಿತ್ತೇ, ಗಾಡಿ ಓಡಿಸಿದ್ದು ಹೇಗೆ. ಸೈರನ್ ಹಾಕಿ ಓಡಿಸುವುದಕ್ಕೆ ಪ್ರತ್ಯೇಕ ತರಬೇತಿ ಇರುತ್ತದೆ. ಚಾಲನೆಯ ದಾಖಲೆಯಲ್ಲಿ ದಂಡಗಳು ತುಂಬಿದ್ದರೆ ವಿಮೆಯ ಕಾರಣಕ್ಕೆ ಅರ್ಜಿಯೇ ತಿರಸ್ಕಾರವಾದೀತು.

ಸಿನಿಮಾದಲ್ಲಿ ನೋಡಿದ ಆಂಬುಲೆನ್ಸ್ ನೆನಪಿಟ್ಟುಕೊಂಡು ಬಂದವರಿಗೆ ನಿರಾಸೆ ಕಾದಿದೆ. ಖಾಸಗಿ ಸಂಸ್ಥೆಗಳಲ್ಲಿ ಹೊಸಬರ ಪಾಲಿಗೆ ಬರುವ ಕರೆಗಳಲ್ಲಿ ದೊಡ್ಡ ಪಾಲು ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ಸಾಗಿಸುವುದು, ಡಯಾಲಿಸಿಸ್‌ಗೆ ಕರೆದೊಯ್ಯುವುದು, ವೃದ್ಧಾಶ್ರಮದಿಂದ ಕರೆತರುವುದು. ಬೇಸರದ ಕೆಲಸ ಎನ್ನುವವರಿದ್ದಾರೆ. ನನ್ನ ಮಟ್ಟಿಗೆ ಹತ್ತಾರು ಕಾಯಿಲೆಗಳಿರುವ ವೃದ್ಧರನ್ನು ದಿನವೂ ನೋಡಿ ಮಾತನಾಡಿಸುವುದು ತಪಾಸಣೆಯ ಕೈ ಪಳಗಿಸಲು ಒಳ್ಳೆಯ ಅವಕಾಶ. ಬೆನ್ನಿಗೆ ಮಾತ್ರ ಒಳ್ಳೆಯದಲ್ಲ. ಎತ್ತುವ ವಿಧಾನವನ್ನು ಮೊದಲ ವಾರದಲ್ಲೇ ಸರಿಯಾಗಿ ಕಲಿಯದವರು ಆಮೇಲೆ ಅನುಭವಿಸುತ್ತಾರೆ.

ಪರೀಕ್ಷೆಯ ವಿಷಯ ಬೇಗ ಮುಗಿಸಬಹುದು. ಕಂಪ್ಯೂಟರಿನಲ್ಲಿ ನಡೆಯುವ ಎನ್‌ಆರ್‌ಇಎಂಟಿ ಪರೀಕ್ಷೆ ನಿಮ್ಮ ಉತ್ತರ ನೋಡಿಕೊಂಡು ಮುಂದಿನ ಪ್ರಶ್ನೆ ಆರಿಸುತ್ತದೆ. 70ರಿಂದ 120 ಪ್ರಶ್ನೆ, ಎರಡು ಗಂಟೆಯ ಮಿತಿ. ಬೇಗ ನಿಂತುಹೋದರೆ ಫೇಲಾದೆ ಎಂದು ಗಾಬರಿಯಾಗುವವರು ಬಹಳ. ನಿಲ್ಲುವುದರ ಅರ್ಥ ಯಂತ್ರಕ್ಕೆ ನಿರ್ಧಾರ ಖಚಿತವಾಯಿತು ಎಂದಷ್ಟೇ, ನಿರ್ಧಾರ ಯಾವ ಕಡೆಗಾದರೂ ಇರಬಹುದು. ಫೇಲಾದರೆ 15 ದಿನ ಬಿಟ್ಟು ಮತ್ತೆ ಬರೆಯಬಹುದು, ಮೂರು ಸಲ ಸೋತರೆ ಮತ್ತಷ್ಟು ತರಬೇತಿ ಪಡೆದು ಬರಬೇಕು. ಕೈಕೆಲಸದ ಪರೀಕ್ಷೆ ಬೇರೆಯೇ ಇರುತ್ತದೆ, ಅದನ್ನು ರಾಜ್ಯ ಅಥವಾ ಕೋರ್ಸು ನಡೆಸುವವರು ನೋಡಿಕೊಳ್ಳುತ್ತಾರೆ. ಕೆಲವು ರಾಜ್ಯಗಳಿಗೆ ತಮ್ಮದೇ ಲಿಖಿತ ಪರೀಕ್ಷೆಯೂ ಇದೆ.

ಸಹಿ ಹಾಕುವ ಮುನ್ನ

ಉಚಿತ ತರಬೇತಿಯ ಒಪ್ಪಂದದಲ್ಲಿ ಸಾಮಾನ್ಯವಾಗಿ ಒಂದು ಷರತ್ತು ಇರುತ್ತದೆ: ಇಷ್ಟು ಕಾಲ ನಮ್ಮಲ್ಲೇ ದುಡಿಯಬೇಕು, ಮೊದಲೇ ಬಿಟ್ಟರೆ ತರಬೇತಿಯ ಖರ್ಚು ಹಿಂದಿರುಗಿಸಬೇಕು. ಒಂದು ವರ್ಷ ಉಳಿಯಿರಿ ಎನ್ನುವುದರಲ್ಲಿ ಅನ್ಯಾಯ ಕಾಣುವುದಿಲ್ಲ. ಅನ್ಯಾಯ ಇರುವುದು ವಿವರಗಳಲ್ಲಿ. ಹನ್ನೊಂದು ತಿಂಗಳು ದುಡಿದವರೂ ಪೂರ್ತಿ ಮೊತ್ತ ಕಟ್ಟಬೇಕೇ, ಅಥವಾ ತಿಂಗಳು ಕಳೆದಂತೆ ಬಾಕಿ ಇಳಿಯುತ್ತದೆಯೇ? ಸಂಸ್ಥೆಯೇ ಕೆಲಸದಿಂದ ತೆಗೆದರೆ? ಬೆನ್ನು ನೋವಾಗಿ ಬಿಡಬೇಕಾಗಿ ಬಂದರೆ? ‘ಖರ್ಚು’ ಎಂದು ತೋರಿಸಿದ ಮೊತ್ತ ಹತ್ತಿರದ ಸಮುದಾಯ ಕಾಲೇಜಿನ ಶುಲ್ಕಕ್ಕಿಂತ ಎಷ್ಟೋ ಪಟ್ಟು ಇದ್ದರೆ ಅದು ಖರ್ಚಲ್ಲ, ಬೇಲಿ. ಇಂಥ ‘ಉಳಿ, ಇಲ್ಲವೇ ಕಟ್ಟು’ ಒಪ್ಪಂದಗಳಿಗೆ ಕ್ಯಾಲಿಫೋರ್ನಿಯಾ 2026ರ ಜನವರಿ 1ರಿಂದ ಹೆಚ್ಚಿನ ಸಂದರ್ಭಗಳಲ್ಲಿ ತಡೆ ಹಾಕಿತು. ಆದರೆ ರಾಜ್ಯ ಅನುಮೋದಿಸಿದ ಅಪ್ರೆಂಟಿಸ್‌ಶಿಪ್‌ಗೆ ಅಲ್ಲಿ ವಿನಾಯಿತಿ ಕೊಟ್ಟಿದೆ.

ಇನ್ನೂ ಮುಖ್ಯವಾದ ಪ್ರಶ್ನೆ, ಪರೀಕ್ಷೆಯಲ್ಲಿ ಫೇಲಾದರೆ ಏನು ಎಂಬುದು. ಕೆಲವು ಸಂಸ್ಥೆಗಳು ಎರಡು ಮೂರು ಅವಕಾಶ ಕೊಟ್ಟು, ಅಲ್ಲಿಯ ತನಕ ಬೇರೆ ಕೆಲಸದಲ್ಲಿ ಇಟ್ಟುಕೊಳ್ಳುತ್ತವೆ. ಕೆಲವು ಒಂದೇ ಸಲಕ್ಕೆ ನೌಕರಿ ಮುಗಿಸುತ್ತವೆ. ಎರಡನೆಯ ಬಗೆಯದ್ದಾಗಿದ್ದು, ಜೊತೆಗೆ ಹಣ ಹಿಂದಿರುಗಿಸುವ ಷರತ್ತೂ ಅನ್ವಯವಾಗುವುದಾದರೆ, ಅಪಾಯವೆಲ್ಲ ಮತ್ತೆ ನಿಮ್ಮ ಹೆಗಲಿಗೇ ಬಂತು. ಅಂಥದ್ದನ್ನು ನಾನು ಅಪ್ರೆಂಟಿಸ್‌ಶಿಪ್ ಎನ್ನಲಾರೆ. ನೋಂದಾಯಿತ ಹೌದೋ ಅಲ್ಲವೋ ಎಂಬುದನ್ನು ಕಾರ್ಮಿಕ ಇಲಾಖೆಯ ಅಪ್ರೆಂಟಿಸ್‌ಶಿಪ್ ಜಾಲತಾಣದಲ್ಲಿ ಹುಡುಕಿ ಅಥವಾ ರಾಜ್ಯದ ಕಚೇರಿಗೆ ಕರೆ ಮಾಡಿ ತಿಳಿದುಕೊಳ್ಳಬಹುದು. ಓದುಗರಲ್ಲಿ ಅಲ್ಲಿ ವೀಸಾದ ಮೇಲಿರುವವರೂ ಇರಬಹುದು: ಅಪ್ರೆಂಟಿಸ್ ಎಂದರೆ ಮೊದಲ ದಿನದಿಂದಲೇ ನೌಕರ, ಹಾಗಾಗಿ ಕೆಲಸ ಮಾಡುವ ಅನುಮತಿ ಕೈಯಲ್ಲಿಲ್ಲದೆ ಈ ದಾರಿ ಹಿಡಿಯಲಾಗದು. ಸಂಬಳವಿಲ್ಲದ ಸಾಮಾನ್ಯ ಕೋರ್ಸಿನ ಮಾತು ಬೇರೆ.

ಕಲಿತಾದ ಮೇಲೆ ಸಿಗುವ ಸಂಬಳ ಕಣ್ಣು ಕೋರೈಸುವಂಥದ್ದಲ್ಲ. ಸರ್ಕಾರದ ಅಂಕಿಅಂಶದಂತೆ 2023ರ ಮೇ ತಿಂಗಳಲ್ಲಿ ಇಎಂಟಿಗಳ ಮಧ್ಯಮ ವಾರ್ಷಿಕ ವೇತನ 38,930 ಡಾಲರ್ ಇತ್ತು. ಅರ್ಧದಷ್ಟು ಮಂದಿಗೆ ಇದಕ್ಕಿಂತ ಕಡಿಮೆ. ಅದೇ ವರ್ಷ, ಇಎಂಟಿಗಿಂತ ಮೇಲಿನ ಹಂತದವರಾದ ಪ್ಯಾರಾಮೆಡಿಕ್‌ಗಳದು 53,180 ಡಾಲರ್. ಸಂಬಳ ಇಷ್ಟು ತೆಳುವಾಗಿರಲು ಒಂದು ಕಾರಣ ಆದಾಯ ಬರುವ ದಾರಿ. ಹಿರಿಯರಿಗಾಗಿ ಇರುವ ಸರ್ಕಾರಿ ವಿಮೆ ಮೆಡಿಕೇರ್ ಆಂಬುಲೆನ್ಸ್‌ಗೆ ಹಣ ಕೊಡುವುದು ಮುಖ್ಯವಾಗಿ ರೋಗಿಯನ್ನು ಸಾಗಿಸಿದ್ದಕ್ಕೆ. ಮನೆಗೆ ಹೋಗಿ, ಸಕ್ಕರೆ ಅಂಶ ಇಳಿದವರನ್ನು ಎಚ್ಚರಗೊಳಿಸಿ, ಅಲ್ಲೇ ಬಿಟ್ಟು ಬಂದರೆ ಆ ಶ್ರಮಕ್ಕೆ ಸಾಮಾನ್ಯವಾಗಿ ಬಿಲ್ಲೇ ಇಲ್ಲ.

ಆದ್ದರಿಂದ ಇಎಂಟಿ ಅಪ್ರೆಂಟಿಸ್‌ಶಿಪ್ ಆರಿಸುವಾಗ ಅದರ ಮುಂದಿನ ಮೆಟ್ಟಿಲಿನ ಬಗ್ಗೆಯೂ ವಿಚಾರಿಸಬೇಕು. ಪ್ಯಾರಾಮೆಡಿಕ್ ಓದು ಸಾವಿರಕ್ಕೂ ಹೆಚ್ಚು ಗಂಟೆಗಳದು, ಸಾಮಾನ್ಯವಾಗಿ ಒಂದರಿಂದ ಎರಡು ವರ್ಷ ಹಿಡಿಯುತ್ತದೆ, ಹಗಲು ಕೆಲಸ ಮಾಡಿ ಸಂಜೆ ಓದಿ ಮುಗಿಸುವುದು ಇಎಂಟಿಯಷ್ಟು ಸಲೀಸಲ್ಲ. ಕೆಲವು ಸಂಸ್ಥೆಗಳು ಅದಕ್ಕೂ ಸಂಬಳದ ಅಪ್ರೆಂಟಿಸ್‌ಶಿಪ್ ಇಟ್ಟಿವೆ, ತಮ್ಮ ಇಎಂಟಿಗಳಿಗೆ ಮೊದಲ ಆದ್ಯತೆ ಕೊಡುತ್ತವೆ. ಎನ್‌ಆರ್‌ಇಎಂಟಿಯ ಪ್ಯಾರಾಮೆಡಿಕ್ ಪರೀಕ್ಷೆಗೆ ಕೂರಲು 2013ರಿಂದ ಮಾನ್ಯತೆ ಪಡೆದ, ಅಥವಾ ಮಾನ್ಯತೆಯ ಹಾದಿಯಲ್ಲಿರುವ ಕೋರ್ಸನ್ನೇ ಮುಗಿಸಿರಬೇಕು. ಹಾಗಾಗಿ ಇಂಥ ಸಂಸ್ಥೆಗಳು ಹೆಚ್ಚಾಗಿ ಒಂದು ಕಾಲೇಜಿನ ಜೊತೆ ಕೈಜೋಡಿಸಿರುತ್ತವೆ, ಯಾವ ಕಾಲೇಜು ಎಂದು ಸಂದರ್ಶನದಲ್ಲೇ ಕೇಳಬಹುದು. ಈ ನಡುವೆ ಎರಡು ವರ್ಷಕ್ಕೊಮ್ಮೆ 40 ಗಂಟೆಗಳ ಮುಂದುವರಿದ ಶಿಕ್ಷಣ ತೋರಿಸಿ ಇಎಂಟಿ ಪ್ರಮಾಣಪತ್ರವನ್ನು ನವೀಕರಿಸುತ್ತಿರಬೇಕು, ಆ ಗಂಟೆಗಳ ಸಂಬಳವನ್ನು ಯಾರು ಕೊಡುತ್ತಾರೆ ಎಂಬುದೂ ಒಪ್ಪಂದದಲ್ಲಿ ಬರೆದಿರಬೇಕಾದ ಮಾತೇ.